ಕಿಟ್ ಲೆನ್ಸ್ ಮುಚ್ಚಿಟ್ಟಿದ್ದ ತಪ್ಪುಗಳು: 24 ಮಿ.ಮೀ. ಪ್ರೈಮ್ ಬಂದಾಗ ಒಂದು ಸ್ಟುಡಿಯೋದಲ್ಲಿ ನಡೆದದ್ದು

ಹಿನ್ನೆಲೆ

ಇದು ಮಲೆನಾಡಿನ ಒಂದು ತಾಲ್ಲೂಕು ಪೇಟೆಯ ಸ್ಟುಡಿಯೋ. ಊರು, ಹೆಸರು, ಗಿರಾಕಿಗಳ ಗುರುತನ್ನು ಇಲ್ಲಿ ಬಿಟ್ಟಿದೆ. ಕೆಲಸ ಮಾಡುವವರು ಮೂವರು: ಮಾಲೀಕರು, ರೋಲ್ ಹಾಕುವ ಕಾಲದಿಂದಲೂ ಮದುವೆ ತೆಗೆಯುತ್ತ ಬಂದ ಹಿರಿಯ ಛಾಯಾಗ್ರಾಹಕರು, ಕ್ಯಾಂಡಿಡ್ ಮತ್ತು ವಿಡಿಯೋ ನೋಡಿಕೊಳ್ಳುವ ಹುಡುಗ. ಮಾಲೀಕರ ಬಳಿಯೂ ಹಿರಿಯರ ಬಳಿಯೂ ನಿಕಾನ್ ಝಡ್ 50, ಹುಡುಗನ ಬಳಿ ಝಡ್ 30. ಮೂರೂ ಕ್ರಾಪ್ ಸೆನ್ಸರ್ (ಹಳೆಯ ಫಿಲ್ಮ್ ಅಳತೆಯ ‘ಫುಲ್ ಫ್ರೇಮ್’ಗಿಂತ ಚಿಕ್ಕದು), ಅಂದರೆ ಡಿಎಕ್ಸ್ ಬಾಡಿಗಳು. ಮೂರಕ್ಕೂ ಇದ್ದದ್ದು ಒಂದೇ ಬಗೆಯ ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಝೂಮ್): 16-50 ಮಿ.ಮೀ. ಎಫ್/3.5-6.3 ವಿಆರ್ (ವಿಆರ್ ಅಂದರೆ ಕೈಯ ಅಲುಗಾಟ ತಡೆಯುವ ವ್ಯವಸ್ಥೆ). ಹಿರಿಯರ ಬಳಿ ಮಾತ್ರ ಡಿಎಸ್‌ಎಲ್‌ಆರ್ ಕಾಲದ 35 ಮಿ.ಮೀ. ಎಫ್/1.8 ಡಿಎಕ್ಸ್ ಲೆನ್ಸ್ ಇತ್ತು. ಅದನ್ನು ಎಫ್‌ಟಿಝಡ್ ಅಡಾಪ್ಟರ್ ಮೂಲಕ ಹಾಕಿಕೊಳ್ಳುತ್ತಿದ್ದರು.

ಇವರಿಗೆ ಬರುವ ಕೆಲಸದಲ್ಲಿ ಛತ್ರದ ಮದುವೆಗಿಂತ ಮನೆಯೊಳಗಿನ ಕಾರ್ಯಗಳೇ ಹೆಚ್ಚು: ನಾಮಕರಣ, ಸೀಮಂತ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ. ಮಲೆನಾಡಿನ ಹಳೆಯ ಮನೆಯಲ್ಲಿ ಫೋಟೊ ತೆಗೆದವರಿಗೆ ಬೆಳಕಿನ ಕಷ್ಟ ಗೊತ್ತು. ಮಳೆಗೆಂದು ಮಾಡು ತಗ್ಗಾಗಿ ಇಳಿದಿರುತ್ತದೆ, ಕಿಟಕಿ ಚಿಕ್ಕದು, ಗೋಡೆಯ ಅರ್ಧಕ್ಕೆ ಗಾಢ ಬಣ್ಣ. ನಡುಮನೆಗೆ ಒಂದೋ ಎರಡೋ ಎಲ್‌ಇಡಿ ಬಲ್ಬ್. ಫ್ಲ್ಯಾಶ್ ಅನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡೋಣವೆಂದರೆ ಮೇಲೆ ಬಿಳಿ ತಾರಸಿ ಇಲ್ಲ, ಹೊಗೆ ಹಿಡಿದ ಮರದ ಮುಚ್ಚಿಗೆ ಇದೆ. ಅದು ಬೆಳಕನ್ನು ನುಂಗುತ್ತದೆ, ವಾಪಸ್ ಕೊಡುವ ಸ್ವಲ್ಪವನ್ನೂ ಕಂದು ಬಣ್ಣದಲ್ಲಿ ಕೊಡುತ್ತದೆ. ನೇರ ಫ್ಲ್ಯಾಶ್ ಹೊಡೆದರೆ ಹೋಮದ ಹೊಗೆಯೇ ಬೆಳ್ಳಗೆ ಹೊಳೆದು, ಅದರ ಹಿಂದಿರುವ ದಂಪತಿಯ ಮುಖ ಮಂಜಿನಲ್ಲಿ ನಿಂತಂತೆ ಕಾಣುತ್ತದೆ. ಹಾಗಾಗಿ ಇರುವ ಬೆಳಕಿನಲ್ಲೇ ತೆಗೆಯಬೇಕು.

ಕಿಟ್ ಲೆನ್ಸ್ ಆ ಬೆಳಕಿಗೆ ಸಾಲುತ್ತಿರಲಿಲ್ಲ. 24 ಮಿ.ಮೀ.ಗೆ ತಿರುಗಿಸುವಷ್ಟರಲ್ಲಿ ಅದರ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ; ಎಫ್ ಸಂಖ್ಯೆ ಏರಿದಷ್ಟೂ ಕಿರಿದು) ಎಫ್/4 ದಾಟಿರುತ್ತದೆ. ಶಟರ್ ಸೆಕೆಂಡಿನ 1/30ಕ್ಕೆ ಇಳಿಯುತ್ತಿತ್ತು, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ; ಏರಿದಷ್ಟೂ ಗ್ರೇನ್) 6400ಕ್ಕೆ ಏರುತ್ತಿತ್ತು. ಹಳೆಯ ಆಲ್ಬಮ್‌ಗಳನ್ನು ಬಿಡಿಸಿದರೆ ಒಂದೇ ಬಗೆಯ ಚಿತ್ರ ಮತ್ತೆ ಮತ್ತೆ ಸಿಗುತ್ತದೆ: ಅಲ್ಲಾಡದೆ ಕೂತ ಮುಖ ಸ್ಪಷ್ಟ, ಅಕ್ಷತೆ ಹಾಕುವ ಕೈ ಮಸುಕು.

2019ರ ಅಕ್ಟೋಬರ್‌ನಲ್ಲಿ ಝಡ್ 50 ಬಂದಾಗಿನಿಂದ ಡಿಎಕ್ಸ್ ಬಳಕೆದಾರರ ದೂರು ಒಂದೇ ಆಗಿತ್ತು: ಬಾಡಿ ಚಿಕ್ಕದು, ಚೊಕ್ಕದು, ಆದರೆ ಅದಕ್ಕೆಂದೇ ನಿಕಾನ್ ಮಾಡಿದ ಅಗ್ಗದ ಪ್ರೈಮ್ (ಝೂಮ್ ಇಲ್ಲದ, ಒಂದೇ ಫೋಕಲ್ ಲೆಂತ್‌ನ ಲೆನ್ಸ್) ಒಂದೂ ಇಲ್ಲ. ಫುಲ್ ಫ್ರೇಮ್‌ಗೆ ಮಾಡಿದ 28 ಮಿ.ಮೀ. ಎಫ್/2.8 ಮತ್ತು 40 ಮಿ.ಮೀ. ಎಫ್/2 ಹಾಕಿಕೊಳ್ಳಬಹುದಿತ್ತು. ಆದರೆ ಮಿ.ಮೀ. ಹೆಚ್ಚಿದಷ್ಟೂ ನೋಟ ಕಿರಿದಾಗುವುದರಿಂದ ಮನೆಯೊಳಗೆ 40 ತೀರ ಇಕ್ಕಟ್ಟು, 28ಕ್ಕೆ ಬೆಳಕು ಸಾಲದು. 2009ರಲ್ಲಿ ಡಿಎಸ್‌ಎಲ್‌ಆರ್‌ಗೆ ಬಂದ 35 ಎಫ್/1.8 ಎಷ್ಟೊಂದು ಜನರ ಮೊದಲ ಪ್ರೈಮ್ ಆಗಿತ್ತು ಎಂಬುದನ್ನು ನೆನೆದರೆ ಆ ಅಸಮಾಧಾನ ಅರ್ಥವಾಗುತ್ತದೆ. ಮೂರೂವರೆ ವರ್ಷದ ಮೇಲೆ, 2023ರ ಮೇ ಕೊನೆಯಲ್ಲಿ, ನಿಕಾನ್ ಝಡ್ ಡಿಎಕ್ಸ್ 24 ಮಿ.ಮೀ. ಎಫ್/1.7 ಪ್ರಕಟವಾಯಿತು. ತೂಕ 135 ಗ್ರಾಂ, ಫಿಲ್ಟರ್ 46 ಮಿ.ಮೀ., ಅತಿ ಹತ್ತಿರದ ಫೋಕಸ್ 18 ಸೆಂ.ಮೀ. ನೋಟದ ಅಗಲ ಫುಲ್ ಫ್ರೇಮ್‌ನ 36 ಮಿ.ಮೀ.ಗೆ ಸಮ. ಆಗ ಅಮೆರಿಕದಲ್ಲಿ ಬೆಲೆ 280 ಡಾಲರ್‌ನ ಆಸುಪಾಸು ಇತ್ತು.

ಲೆನ್ಸ್ ಬಂದ ದಿನ

ಆ ವರ್ಷ ಅಧಿಕ ಶ್ರಾವಣ. ಜುಲೈ 18ರಿಂದ ಆಗಸ್ಟ್ 16ರವರೆಗೆ ಮದುವೆ, ಗೃಹಪ್ರವೇಶ ಇಲ್ಲ. ಅದರ ಹಿಂದಿನ ತಿಂಗಳು ಆಷಾಢ. ಸ್ಟುಡಿಯೋ ಎರಡು ತಿಂಗಳು ಖಾಲಿ. ಒಂದು ಲೆನ್ಸ್ ತರಿಸಿ ನೋಡುವುದು, ಸರಿ ಕಂಡರೆ ಗೌರಿ ಹಬ್ಬದೊಳಗೆ ಇನ್ನೆರಡು ತರಿಸಿ ಮೂರು ಬಾಡಿಗೂ ಒಂದೊಂದು ಕೊಡುವುದು ಎಂಬುದು ಮಾಲೀಕರ ಯೋಜನೆ.

ಡಬ್ಬಿ ತೆರೆದ ದಿನವೇ ಮೂರು ಅಭಿಪ್ರಾಯ ಬಂದವು. ಮಾಲೀಕರು ಲೆನ್ಸ್‌ನ ಹಿಂಬದಿ ತಿರುಗಿಸಿ ನೋಡಿ, ‘ಮೌಂಟ್ ಪ್ಲಾಸ್ಟಿಕ್’ ಎಂದರು (ಮೌಂಟ್ ಅಂದರೆ ಲೆನ್ಸ್ ಬಾಡಿಗೆ ಕೂಡುವ ಬಳೆ). ಮುಂದಿನ ಪ್ರಶ್ನೆ: ‘ಕಿಟ್‌ನಲ್ಲೇ 24 ಇದೆಯಲ್ಲ, ಝೂಮ್ ಕಳೆದುಕೊಂಡು ಮತ್ತೆ ದುಡ್ಡು ಯಾಕೆ?’ ಹಿರಿಯರು ಹುಡುಗನ ಮುಖಕ್ಕೇ ಹಿಡಿದು ಒಂದು ತೆಗೆದು, ಸ್ಕ್ರೀನ್ ನೋಡಿ, ‘ಇದು ಅಗಲ ಆಯ್ತು ಮಾರಾಯ, ನಿನ್ನ ಮೂಗು ನೋಡು’ ಎಂದು ವಾಪಸ್ ಕೊಟ್ಟರು. ಹುಡುಗನೊಬ್ಬನಿಗೆ ಮಾತ್ರ ಖುಷಿ. ಎಫ್/1.7, ಹಿಂದಿನದೆಲ್ಲ ಮಸುಕು, ಇನ್ನೇನು ಬೇಕು?

ಈ ಮೂರರಲ್ಲಿ ತೀರ ಹಗುರವಾದದ್ದು ಮೌಂಟ್‌ನ ದೂರು. ಮೂರು ಬಾಡಿಗಳಲ್ಲೂ ಅದುವರೆಗೆ ದುಡಿದ ಕಿಟ್ ಲೆನ್ಸ್‌ನ ಮೌಂಟ್ ಕೂಡ ಪ್ಲಾಸ್ಟಿಕ್ಕೇ, ಅದರ ತೂಕವೂ 135 ಗ್ರಾಂ. ಯಾರೂ ಅಷ್ಟು ದಿನ ಅದನ್ನು ತಿರುಗಿಸಿ ನೋಡಿರಲಿಲ್ಲ. ಹೊಸದಾಗಿ ಕೊಂಡ ವಸ್ತುವಿನ ಮೇಲೆ ಬೀಳುವ ಕಣ್ಣು ಹಳೆಯದರ ಮೇಲೆ ಬೀಳುವುದಿಲ್ಲ. ಕಿಲೋಗಟ್ಟಲೆ ತೂಗುವ ಟೆಲಿ ಲೆನ್ಸ್‌ಗೆ ಲೋಹದ ಮೌಂಟ್ ಬೇಕು. 135 ಗ್ರಾಂ ತೂಗುವ ಲೆನ್ಸ್ ಬಾಡಿಯ ಮೇಲೆ ಹಾಕುವ ಭಾರ ಎಷ್ಟೆಂದು ಯೋಚಿಸಿದರೆ ಆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಉಳಿದ ಎರಡು ಮಾತುಗಳಲ್ಲಿ ಹುರುಳಿತ್ತು. ಆದರೆ ಆ ದಿನ ಯಾರಿಗೂ ಅದರ ಕಾರಣ ಹೊಳೆದಿರಲಿಲ್ಲ.

ನಾಮಕರಣದ ಮನೆಯಲ್ಲಿ

ಅಧಿಕ ಮಾಸವಾದರೂ ಹನ್ನೊಂದನೇ, ಹನ್ನೆರಡನೇ ದಿನದ ನಾಮಕರಣ ನಿಲ್ಲುವುದಿಲ್ಲ. ಹಾಗೆ ಬಂದ ಒಂದು ಕೆಲಸಕ್ಕೆ ಹೊಸ ಲೆನ್ಸ್ ಹೋಯಿತು. ಹುಡುಗ ಅದನ್ನು ಝಡ್ 30ಕ್ಕೆ ಹಾಕಿಕೊಂಡ. ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನಾವು ಆರಿಸಿ ಶಟರ್ ಅನ್ನು ಕ್ಯಾಮೆರಾಗೆ ಬಿಡುವ ಮೋಡ್), ಎಫ್/1.7ಕ್ಕೆ ಬಿಟ್ಟ, ಆಟೋ ಐಎಸ್‌ಒ, ಕನಿಷ್ಠ ಶಟರ್ ಸ್ಪೀಡ್ ‘ಆಟೋ’. ಎಫ್ ಸಂಖ್ಯೆಯೊಂದನ್ನು ಬಿಟ್ಟರೆ ಕಿಟ್‌ನಲ್ಲಿ ಅವನು ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಸೆಟ್ಟಿಂಗ್ ಇದೇ. ಮಾಲೀಕರು ಪಕ್ಕದಲ್ಲಿ ಕಿಟ್ ಲೆನ್ಸ್‌ನಿಂದ ತೆಗೆದರು.

ಸಂಜೆ ಕಂಪ್ಯೂಟರ್‌ಗೆ ಹಾಕಿದಾಗ ಹುಡುಗನ ಮುಖ ಬಾಡಿತು. ಅವನ ಚಿತ್ರಗಳು ಮೂರು ಥರ ಕೆಟ್ಟಿದ್ದವು.

ಕೆಲವು ಪೂರ್ತಿ ಅಲ್ಲಾಡಿದ್ದವು. ಮುಖವೂ ಮಸುಕು, ಹಿಂದಿನ ಗೋಡೆಯೂ ಮಸುಕು, ಎಲ್ಲದರ ಅಂಚೂ ಒಂದೇ ದಿಕ್ಕಿಗೆ ಎಳೆದಂತೆ. ಇನ್ನು ಕೆಲವು ಅಲ್ಲಾಡಿರಲಿಲ್ಲ, ಆದರೆ ತೊಟ್ಟಿಲಲ್ಲಿದ್ದ ಮಗುವಿನ ರೆಪ್ಪೆ ಎಣಿಸುವಷ್ಟು ಸ್ಪಷ್ಟವಾಗಿದ್ದು ಅದರ ಮೇಲೆ ಬಾಗಿ ಹೆಸರು ಹೇಳುತ್ತಿದ್ದ ಸೋದರತ್ತೆಯ ಮುಖ ಮಸುಕಾಗಿತ್ತು. ಅಥವಾ ಇದರ ತಿರುವುಮುರುವು. ಮೂರನೆಯದು ವಿಚಿತ್ರ. ಬಾಗಿಲ ಬಳಿಯ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಒಂದು ಹೊಳಪು, ಮುಂದಿನದು ಮಂಕು, ಅದರ ಮುಂದಿನದರ ಮೇಲ್ಭಾಗ ಹಳದಿಗೆ ತಿರುಗಿ ಕೆಳಭಾಗ ಸರಿ. ಒಂದೇ ಜಾಗ, ಒಂದೇ ಸೆಟ್ಟಿಂಗ್, ಒಂದೇ ನಿಮಿಷದೊಳಗೆ ತೆಗೆದವು.

ಮಾಲೀಕರ ಕಿಟ್ ಚಿತ್ರಗಳು ಗ್ರೇನ್ ತುಂಬಿಕೊಂಡಿದ್ದರೂ ಆಲ್ಬಮ್‌ಗೆ ಆದವು. ಗಿರಾಕಿಗೆ ಹೋದದ್ದು ಅವೇ. ‘ಲೆನ್ಸ್ ವಾಪಸ್ ಕಳಿಸೋಣ’ ಎಂದು ಮಾಲೀಕರು ಹೇಳಿದ್ದು ಆ ರಾತ್ರಿ. ಹಿರಿಯರು ತಡೆದರು. ಲೆನ್ಸ್ ಅವರಿಗೂ ಹಿಡಿಸಿರಲಿಲ್ಲ, ಆದರೆ ಮೂರು ಬೇರೆ ಬೇರೆ ಥರ ಕೆಟ್ಟಿದೆ ಎಂದಮೇಲೆ ಕಾರಣವೂ ಮೂರು ಇರಬೇಕು, ಗಾಜು ಕೆಟ್ಟಿದ್ದರೆ ಒಂದೇ ಥರ ಕೆಡುತ್ತಿತ್ತು ಎಂಬುದು ಅವರ ವಾದ. ಈ ಪ್ರಕರಣದ ಮೊದಲ ತಿರುವು ಇದು. ಮಳೆ ಹೊಡೆಯುತ್ತಿತ್ತು, ಕೆಲಸ ಇರಲಿಲ್ಲ. ಹಾಗಾಗಿ ಪರೀಕ್ಷೆಗೆ ಬೇಕಾದಷ್ಟು ಸಮಯವಿತ್ತು.

ಬಿಡುವಿನ ದಿನಗಳ ಪರೀಕ್ಷೆ

ಮೊದಲಿಗೆ ಅಲುಗಾಟ. ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ, 2 ಮೀಟರ್ ದೂರ ನಿಂತು, 1/15, 1/30, 1/60, 1/125ರಲ್ಲಿ ಹತ್ತತ್ತು ಚಿತ್ರ. ಒಮ್ಮೆ ಕಿಟ್ ಲೆನ್ಸ್ 24ಕ್ಕೆ ಇಟ್ಟು, ಒಮ್ಮೆ ಪ್ರೈಮ್. ಒಮ್ಮೆ ಝಡ್ 50, ಒಮ್ಮೆ ಝಡ್ 30. ಸಣ್ಣ ಅಕ್ಷರ ಓದಲು ಬಂದರೆ ಪಾಸು.

ಕಿಟ್ ಲೆನ್ಸ್ 1/15ರಲ್ಲೂ ಬಹುಪಾಲು ಪಾಸಾಯಿತು. ಪ್ರೈಮ್ ಝಡ್ 50ರಲ್ಲಿ 1/60ರಿಂದ ಮೇಲೆ ಭರವಸೆ ಕೊಟ್ಟಿತು. ಅದೇ ಪ್ರೈಮ್ ಝಡ್ 30ರಲ್ಲಿ 1/60ರಲ್ಲೂ ಕೈಕೊಡುತ್ತಿತ್ತು. ಕಾರಣ ಸರಳ, ಆದರೆ ಕೊಳ್ಳುವಾಗ ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ಈ ಬಾಡಿಗಳಲ್ಲಿ ಸೆನ್ಸರ್ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ; ಇದ್ದ ಒಂದೇ ಆಸರೆ ಕಿಟ್ ಲೆನ್ಸ್‌ನೊಳಗಿನ ವಿಆರ್. ಹೊಸ ಪ್ರೈಮ್‌ನಲ್ಲಿ ವಿಆರ್ ಇಲ್ಲ. ಝಡ್ 50ಕ್ಕೆ ವ್ಯೂಫೈಂಡರ್ ಇದೆ, ಕ್ಯಾಮೆರಾ ಹಣೆಗೆ ಒತ್ತಿಕೊಳ್ಳುವುದರಿಂದ ಎರಡು ಕೈಗಳ ಜೊತೆ ಮೂರನೇ ಆಸರೆ ಸಿಗುತ್ತದೆ. ಝಡ್ 30ಕ್ಕೆ ಅದೂ ಇಲ್ಲ. ಕೈ ಚಾಚಿ ಸ್ಕ್ರೀನ್ ನೋಡುತ್ತ ತೆಗೆಯಬೇಕು. ಹುಡುಗ ಕುತ್ತಿಗೆಯ ಬೆಲ್ಟ್ ಬಿಗಿಯಾಗುವವರೆಗೆ ಕ್ಯಾಮೆರಾ ಮುಂದಕ್ಕೆ ತಳ್ಳಿ ಹಿಡಿದಾಗ ಚೆನ್ನಾಗಿ ಸುಧಾರಿಸಿತು. ಆದರೆ ಕ್ಯಾಮೆರಾ ಆರಿಸುತ್ತಿದ್ದ ‘ಆಟೋ’ ಕನಿಷ್ಠ ಶಟರ್‌ಗೆ ಅವನ ಕೈ ಎಷ್ಟು ಗಟ್ಟಿ ಎಂಬುದು ಗೊತ್ತಿಲ್ಲ. ಅದು ಫೋಕಲ್ ಲೆಂತ್ ನೋಡಿ ಲೆಕ್ಕ ಹಾಕುತ್ತದೆ, ಅಗಲದ ಲೆನ್ಸ್ ಆದಷ್ಟೂ ನಿಧಾನಕ್ಕೆ ಇಳಿಸುತ್ತದೆ. ವಿಆರ್ ಇದ್ದಾಗ ಆ ಸೆಟ್ಟಿಂಗ್ ನಡೆಯುತ್ತಿತ್ತು.

ಎರಡನೆಯದು ಫೋಕಸ್‌ನ ಆಳ, ಅಂದರೆ ಹಿಂದೆ-ಮುಂದೆ ಎಷ್ಟು ದೂರದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ ಎಂಬುದು. ಮೇಜಿನ ಮೇಲೆ ಮೂರು ಅಡಿಕೆ, ಒಂದರ ಹಿಂದೆ ಒಂದು, ನಡುವೆ 5 ಸೆಂ.ಮೀ. ಅಂತರ, ಸ್ವಲ್ಪ ಓರೆಯಾಗಿ. ಕ್ಯಾಮೆರಾ ಟ್ರೈಪಾಡ್ ಮೇಲೆ, ನಡುವಿನ ಅಡಿಕೆಗೆ 50 ಸೆಂ.ಮೀ. ದೂರ. ಎಫ್/1.7ರಲ್ಲಿ ನಡುವಿನದೊಂದೇ ಸ್ಪಷ್ಟ. ಎಫ್/2.8ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೂರೂ ಒಪ್ಪುವಂತಾದದ್ದು ಎಫ್/5.6ರಲ್ಲಿ. ಲೆಕ್ಕ ಹಾಕಿದರೂ ಅದೇ ಬರುತ್ತದೆ: ಅಷ್ಟು ಹತ್ತಿರದಲ್ಲಿ ಎಫ್/1.7ಕ್ಕೆ ಸಿಗುವ ಆಳ 3 ಸೆಂ.ಮೀ.ಗೂ ಕಡಿಮೆ. 1 ಮೀಟರ್‌ಗೆ ಸರಿದರೆ ಸುಮಾರು 12 ಸೆಂ.ಮೀ. 2 ಮೀಟರ್‌ಗೆ ಸರಿದರೆ 47 ಸೆಂ.ಮೀ. ದೂರ ಎರಡು ಪಟ್ಟಾದರೆ ಆಳ ನಾಲ್ಕು ಪಟ್ಟು. ಈ ಪ್ರಕರಣದಲ್ಲಿ ಆಮೇಲೆ ಕೆಲಸಕ್ಕೆ ಬಂದ ಅಂಶ ಇದೇ.

ತೊಟ್ಟಿಲ ಚಿತ್ರದಲ್ಲಿ ಹುಡುಗ ನಿಂತದ್ದು ಸುಮಾರು 1 ಮೀಟರ್‌ನಲ್ಲಿ. ಮಗುವಿಗೂ ಅತ್ತೆಯ ಮುಖಕ್ಕೂ ಆಳದಲ್ಲಿ ಒಂದು ಗೇಣು ಅಂತರ. 12 ಸೆಂ.ಮೀ. ಆಳದಲ್ಲಿ ಒಂದು ಗೇಣು ಹಿಡಿಸುವುದಿಲ್ಲ. ಕಿಟ್ ಲೆನ್ಸ್‌ನ ಎಫ್/4ರ ಆಚೆಗಿನ ಅಪರ್ಚರ್ ಅದೇ ದೂರದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಆಳ ಕೊಡುತ್ತಿತ್ತು. ಒಂದು ಮುಖ ತುಸು ಮೃದುವಾದರೂ ಆಲ್ಬಮ್ ಗಾತ್ರದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಜೊತೆಗೆ ಫೋಕಸ್ ಯಾವ ಕಣ್ಣಿಗೆ ಹೋಯಿತು ಎಂಬುದು ಆಗ ಲೆಕ್ಕಕ್ಕೇ ಇರಲಿಲ್ಲ. ಆಟೋ ಏರಿಯಾದಲ್ಲಿ ಬಿಟ್ಟರೆ ನಾಲ್ಕು ಮುಖವಿರುವ ಫ್ರೇಮ್‌ನಲ್ಲಿ ಕ್ಯಾಮೆರಾ ತನಗೆ ಕಂಡ ಕಣ್ಣನ್ನು ಹಿಡಿಯುತ್ತದೆ, ಅದು ನಮಗೆ ಬೇಕಾದವರದೇ ಆಗಿರಬೇಕೆಂದಿಲ್ಲ.

ಮೂರನೆಯದಕ್ಕೆ ಉತ್ತರ ಸಿಕ್ಕಲು ಎರಡು ದಿನ ಹಿಡಿಯಿತು. ಬಿಳಿ ಗೋಡೆ, ಒಂದೇ ಬಲ್ಬ್, 1/50, 1/100, 1/200, 1/400. ಮೊದಲ ಎರಡರಲ್ಲಿ ಎಲ್ಲ ಚಿತ್ರವೂ ಒಂದೇ ಸಮ. 1/200ರಲ್ಲಿ ಏರುಪೇರು ಶುರು, 1/400ರಲ್ಲಿ ಹೊಳಪು-ಮಂಕಿನ ಆಟ ಎದ್ದು ಕಂಡಿತು. ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್‌ಗೆ ಹಾಕಿದಾಗ ಗೋಡೆಯ ತುಂಬ ಅಡ್ಡ ಪಟ್ಟಿಗಳು. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಡ್ರೈವರ್ ಇರುವ ಎಲ್‌ಇಡಿ ಬಲ್ಬ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/100 ತೆರೆದಿದ್ದರೆ ಒಂದು ಪೂರ್ತಿ ಏರಿಳಿತ ಒಳಗೆ ಬರುತ್ತದೆ, 1/50 ಆದರೆ ಎರಡು. ಅದಕ್ಕಿಂತ ಚುರುಕಾದರೆ ಏರಿಳಿತದ ಒಂದು ತುಣುಕು ಮಾತ್ರ, ಯಾವ ತುಣುಕು ಎಂಬುದು ಅದೃಷ್ಟ. ಅದೇ ಗೋಡೆಗೆ ಇನ್ನೊಂದು ತಯಾರಿಕೆಯ ಬಲ್ಬ್ ಹಾಕಿದಾಗ 1/400ರಲ್ಲೂ ಏನೂ ಆಗಲಿಲ್ಲ.

ಬಾಗಿಲ ಬಳಿ ಹಗಲಿನ ಬೆಳಕೂ ಬಲ್ಬ್‌ನ ಬೆಳಕೂ ಸೇರಿ, ಎಫ್/1.7ರಲ್ಲಿ ಕ್ಯಾಮೆರಾ ಶಟರ್ ಅನ್ನು ನೂರಾರಕ್ಕೆ ಏರಿಸಿತ್ತು. ಬಲ್ಬ್ ಮಂಕಾದ ತುಣುಕಿನಲ್ಲಿ ಬಾಗಿಲ ಬೆಳಕಷ್ಟೇ ಉಳಿದು ಬಣ್ಣವೂ ತಿರುಗಿತ್ತು. ಕಿಟ್ ಲೆನ್ಸ್‌ನಲ್ಲಿ ಅಷ್ಟು ಚುರುಕಿನ ಶಟರ್ ಮನೆಯೊಳಗೆ ಎಂದೂ ಸಿಕ್ಕಿರಲಿಲ್ಲ. ಹಾಗಾಗಿ ಬಲ್ಬ್‌ಗಳು ಮಿಡಿಯುತ್ತಿವೆ ಎಂಬುದೇ ಇಷ್ಟು ವರ್ಷ ಈ ಸ್ಟುಡಿಯೋಗೆ ಗೊತ್ತಿರಲಿಲ್ಲ.

ಮೂರನ್ನೂ ಒಟ್ಟಿಗಿಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ವಿಆರ್ ಕೈಯ ಅಲುಗಾಟವನ್ನು ಮುಚ್ಚಿತ್ತು, ಚಿಕ್ಕ ಅಪರ್ಚರ್ ಫೋಕಸ್‌ನ ತಪ್ಪನ್ನು ಮುಚ್ಚಿತ್ತು, ನಿಧಾನದ ಶಟರ್ ಬಲ್ಬ್‌ನ ಮಿಡಿತವನ್ನು ಮುಚ್ಚಿತ್ತು. ಅಗ್ಗದ ಪ್ರೈಮ್ ಹಾಕಿದ ಮೊದಲ ವಾರ ‘ಲೆನ್ಸ್ ಸರಿಯಿಲ್ಲ’ ಅನ್ನಿಸಿದರೆ, ಆ ವಾರದ ಚಿತ್ರಗಳಲ್ಲಿ ಮೊದಲು ಹುಡುಕಬೇಕಾದದ್ದು ಈ ಮೂರನ್ನು.

ಸೆಟ್ಟಿಂಗ್ ಸರಿಯಾದರೂ ಉಳಿದ ಪ್ರಶ್ನೆ

ಹುಡುಗ ಸೆಟ್ಟಿಂಗ್ ಬದಲಿಸಿದ: ಮ್ಯಾನುಯಲ್ ಮೋಡ್, ಶಟರ್ 1/100, ಅಪರ್ಚರ್ ಎಫ್/2.8, ಆಟೋ ಐಎಸ್‌ಒ ಗರಿಷ್ಠ 6400. ಸಿಂಗಲ್ ಪಾಯಿಂಟ್ ಫೋಕಸ್, ಹತ್ತಿರದ ಕಣ್ಣಿಗೆ. ಅಲುಗಾಟ ನಿಂತಿತು, ಮಿಡಿತ ನಿಂತಿತು, ಇಬ್ಬರ ಮುಖವೂ ಹಿಡಿಯಿತು.

ಆಗ ಮಾಲೀಕರು ಕೇಳಿದ ಪ್ರಶ್ನೆ ಸರಿಯಾಗಿತ್ತು. ಎಫ್/2.8ಕ್ಕೆ ಬಂದರೆ ಕಿಟ್‌ಗಿಂತ ಸಿಗುವ ಲಾಭ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ತುಸು ಹೆಚ್ಚು, ಅಷ್ಟೇ. ಅಷ್ಟಕ್ಕೆ ಝೂಮ್ ಬಿಡಬೇಕೆ? ಎಫ್/1.7ರಲ್ಲಿ ಲಾಭ ಎರಡೂವರೆ ಸ್ಟಾಪ್. ಮಂಕಾದ ನಡುಮನೆಯಲ್ಲಿ 1/100ಕ್ಕೆ ಪ್ರೈಮ್ ಐಎಸ್‌ಒ 1600 ಕೇಳುವಲ್ಲಿ ಕಿಟ್ ಸುಮಾರು 10,000 ಕೇಳುತ್ತದೆ. ಆ ಲಾಭವನ್ನು ಫೋಕಸ್‌ನ ಆಳಕ್ಕಾಗಿ ಬಿಟ್ಟುಕೊಟ್ಟರೆ ಲೆನ್ಸ್ ಕೊಂಡದ್ದೇ ವ್ಯರ್ಥ.

ಉತ್ತರ ಬಂದದ್ದು ಹಿರಿಯರಿಂದ, ಅದೂ ಅವರ ಮೂಗಿನ ದೂರಿನಿಂದ. ಮೂಗು ದೊಡ್ಡದಾಗುವುದು ಲೆನ್ಸ್‌ನಿಂದಲ್ಲ, ನಿಂತ ದೂರದಿಂದ. ಅರ್ಧ ಮೀಟರ್‌ನಲ್ಲಿ ನಿಂತರೆ ಯಾವ ಲೆನ್ಸ್ ಹಾಕಿದರೂ ಮೂಗು ಕಿವಿಗಿಂತ ಬಹಳ ಹತ್ತಿರವಿರುತ್ತದೆ. ಅವರು 35ರಲ್ಲಿ ಅಭ್ಯಾಸದಿಂದ ಹಿಂದೆ ನಿಲ್ಲುತ್ತಿದ್ದರು. 24 ಹಾಕಿದಾಗ ಫ್ರೇಮ್ ತುಂಬಿಸಲು ಮುಂದೆ ನುಗ್ಗುವುದು ಸಹಜ. ಹುಡುಗ ತೊಟ್ಟಿಲ ಮೇಲೆ ಹೋಗಿ ನಿಂತದ್ದೂ ಇದೇ ಕಾರಣಕ್ಕೆ. ಹಿನ್ನೆಲೆ ಮಸುಕಾಗಲಿ ಎಂಬ ಆಸೆ ಬೇರೆ ಅವನನ್ನು ಮುಂದಕ್ಕೆ ತಳ್ಳಿತ್ತು.

ಡಿಎಕ್ಸ್ ಸೆನ್ಸರ್‌ನ ಅಗಲ 23.5 ಮಿ.ಮೀ., ಲೆನ್ಸ್ 24 ಮಿ.ಮೀ. ಎರಡೂ ಹೆಚ್ಚುಕಡಿಮೆ ಒಂದೇ. ಅಂದರೆ ಎಷ್ಟು ದೂರ ನಿಲ್ಲುತ್ತೇವೋ ಹೆಚ್ಚುಕಡಿಮೆ ಅಷ್ಟೇ ಅಗಲ ಫ್ರೇಮ್‌ನಲ್ಲಿ ಹಿಡಿಯುತ್ತದೆ. 2 ಮೀಟರ್‌ನಲ್ಲಿ ನಿಂತರೆ 2 ಮೀಟರ್ ಅಗಲ. ಮಣೆಯ ಮೇಲೆ ಕೂತ ದಂಪತಿ, ಎದುರಿನ ಹೋಮಕುಂಡ, ಪಕ್ಕದ ಪುರೋಹಿತರು, ಎಲ್ಲ ಅದರೊಳಗೆ. ಅಲ್ಲಿಂದ ಎಫ್/1.8ರಲ್ಲಿ ಸಿಗುವ ಆಳ ಅರ್ಧ ಮೀಟರ್. ಅಕ್ಕಪಕ್ಕ ಕೂತವರಿಗೆ ಅದು ಸಾಕು. ಮೂಗೂ ಸರಿ. ಬೆಳಕಿನ ಲಾಭವೂ ಪೂರ್ತಿ ಉಳಿಯುತ್ತದೆ.

ಮುಖ ಇನ್ನೂ ದೊಡ್ಡದಾಗಿ ಬೇಕೆಂದರೆ? ಕತ್ತರಿಸುವುದು. ಝಡ್ 50ರ ಚಿತ್ರ 5568 × 3712 ಪಿಕ್ಸೆಲ್. 24ರ ಚಿತ್ರವನ್ನು 35ರ ನೋಟಕ್ಕೆ ಕತ್ತರಿಸಿದರೆ ಸುಮಾರು 3800 × 2540 ಉಳಿಯುತ್ತದೆ. ಇಲ್ಲಿ ನಡೆಯುವ ಆಲ್ಬಮ್ ಹಾಳೆ 12 × 36 ಇಂಚು. ಅದರ ಅರ್ಧ, 12 × 18, ತುಂಬಲು ಇಂಚಿಗೆ 200 ಪಿಕ್ಸೆಲ್‌ನಂತೆ 2400 × 3600 ಸಾಕು. ಐಎಸ್‌ಒ 1600ರಲ್ಲಿ ತೆಗೆದು ಕತ್ತರಿಸಿದ್ದು, ಐಎಸ್‌ಒ 10,000ದಲ್ಲಿ ಕತ್ತರಿಸದೆ ಉಳಿಸಿಕೊಂಡದ್ದಕ್ಕಿಂತ ಚೆನ್ನಾಗಿ ಕಂಡಿತು. ಮಾಲೀಕರು ಎರಡನ್ನೂ ಒಂದೇ ಗಾತ್ರಕ್ಕೆ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ ನೋಡಿದರು. ‘ವಾಪಸ್ ಕಳಿಸೋಣ’ ಎಂಬ ಮಾತು ಆಮೇಲೆ ಬರಲಿಲ್ಲ.

ನಿಜ ಶ್ರಾವಣದ ಕೆಲಸಗಳು

ಆಗಸ್ಟ್ 17ರ ನಂತರ ಕೆಲಸ ಶುರುವಾಯಿತು. ಮೊದಲ ಗೃಹಪ್ರವೇಶಕ್ಕೆ ಪ್ರೈಮ್ ಹೋದದ್ದು ಮಾಲೀಕರ ಝಡ್ 50ರ ಮೇಲೆ. ಡಯಲ್‌ನ ಯು1ರಲ್ಲಿ ಪೂಜೆಯ ಸೆಟ್ಟಿಂಗ್ ಉಳಿಸಿಕೊಂಡಿದ್ದರು: 1/100, ಎಫ್/1.8. ಯು2ರಲ್ಲಿ ಎದುರುಬದುರು ಇಬ್ಬರಿರುವಾಗ ಬೇಕಾದದ್ದು: 1/100, ಎಫ್/2.8. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಿಸುವ ಸೆಟ್ಟಿಂಗ್) ಆಟೋ ಬಿಟ್ಟು 4500 ಕೆಲ್ವಿನ್‌ಗೆ ನಿಲ್ಲಿಸಿದರು. ಮೇಲಿಂದ ಬಿಳಿ ಬಲ್ಬ್, ಕೆಳಗಿಂದ ದೀಪ ಮತ್ತು ಬೆಂಕಿ ಇರುವಲ್ಲಿ ಆಟೋ ಪ್ರತಿ ಚಿತ್ರಕ್ಕೂ ಮನಸ್ಸು ಬದಲಿಸುತ್ತದೆ.

ಆಜ್ಯ ಹಾಕುವ ಕೈ ಮೊದಲ ಬಾರಿ ಮಸುಕಾಗದೆ ಬಂತು. ವಿಆರ್ ಕ್ಯಾಮೆರಾದ ಅಲುಗಾಟವನ್ನು ತಡೆಯಬಲ್ಲದು, ಪುರೋಹಿತರ ಕೈಯನ್ನಲ್ಲ. ಅದಕ್ಕೆ ಶಟರ್‌ನ ಚುರುಕೇ ಬೇಕು, ಚುರುಕಿಗೆ ಬೆಳಕು ಬೇಕು. ಈ ಲೆನ್ಸ್ ಕೊಂಡದ್ದು ಸಾರ್ಥಕವಾದದ್ದು ಆ ಚಿತ್ರದಲ್ಲಿ ಎಂದು ಹೇಳಬೇಕು.

ಕೆಡುಕುಗಳೂ ಕಂಡವು. ಎಫ್/1.8ರಲ್ಲಿ ಬೆಳ್ಳಿ ಕಲಶದ ಅಂಚಿಗೆ, ಮಗುಟದ ಜರಿಗೆ ಬಣ್ಣದ ಅಂಚು ಹತ್ತಿತು: ಫೋಕಸ್‌ಗಿಂತ ಮುಂದಿರುವುದಕ್ಕೆ ನೇರಳೆ, ಹಿಂದಿರುವುದಕ್ಕೆ ಹಸಿರು. ಈ ಬೆಲೆಯ ದೊಡ್ಡ ಅಪರ್ಚರ್‌ನ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ. ಎಫ್/2.8ಕ್ಕೆ ಇಳಿಸಿದರೆ ಬಹಳ ಕಡಿಮೆಯಾಗುತ್ತದೆ. ಹಾಗಾಗಿ ಒಡವೆ, ಪಾತ್ರೆ, ಸೀರೆಯ ಅಂಚನ್ನೇ ತೋರಿಸುವ ಚಿತ್ರಕ್ಕೆ ಯು2. ಇನ್ನೊಂದು, ಹೋಮದ ಜ್ವಾಲೆ ಎದುರಿದ್ದರೆ ಫೋಕಸ್ ಜ್ವಾಲೆಗೇ ಹೋಗುತ್ತದೆ. ಪಾಯಿಂಟ್ ಅನ್ನು ಕಣ್ಣಿನ ಬದಲು ಕಿವಿ-ಕೂದಲಿನ ಅಂಚಿಗೆ, ಹೊಗೆ ಇಲ್ಲದ ಬದಿಗೆ ಇಟ್ಟರೆ ಹಿಡಿಯುತ್ತದೆ.

ಎರಡನೇ ವಾರದ ಮದುವೆಮನೆಯಲ್ಲಿ ಲೆನ್ಸ್ ಸೋತಿತು, ಅದು ಸೋಲಲೇಬೇಕಿತ್ತು. ಹನ್ನೆರಡು ಜನರ ಕುಟುಂಬ ಒಂದೇ ಸಾಲಲ್ಲಿ ನಿಂತರೆ ಐದೂವರೆ ಮೀಟರ್ ಅಗಲ. 24ಕ್ಕೆ ಐದೂವರೆ ಮೀಟರ್ ಹಿಂದೆ ಸರಿಯಬೇಕು, ಜಗಲಿಯ ಅಗಲ ನಾಲ್ಕು. ಕಿಟ್‌ನ 16ರಲ್ಲಿ ಅದೇ ಸಾಲು 3.7 ಮೀಟರ್‌ನಲ್ಲಿ ಹಿಡಿಯಿತು. ಮಾಲೀಕರು ಲೆನ್ಸ್ ಬದಲಿಸುವ ಹೊತ್ತಿಗೆ ಅಜ್ಜಿ ಎದ್ದು ಒಳಗೆ ಹೋಗಿದ್ದರು. ಅವರನ್ನು ಕರೆತಂದು ಮತ್ತೆ ಕೂರಿಸಬೇಕಾಯಿತು. ಗ್ರೂಪ್ ಫೋಟೊಗೆ ಕಿಟ್ ಹಾಕಿದ ಬಾಡಿ ಒಂದು ಸದಾ ಕೈಗೆ ಸಿಗುವಂತಿರಬೇಕು ಎಂದು ಆ ದಿನವೇ ನಿರ್ಧಾರವಾಯಿತು.

ಕೊನೆಗೆ ಯಾರ ಕೈಗೆ ಯಾವುದು

ಇನ್ನೆರಡು ತರಿಸುವ ಯೋಜನೆ ಕೈಬಿಟ್ಟರು. ಒಂದೇ ಸಾಕೆಂದು ತೀರ್ಮಾನವಾಯಿತು, ಅದು ಮಾಲೀಕರ ಝಡ್ 50ಕ್ಕೆ.

ಹಿರಿಯರು ತಮ್ಮ 35ನ್ನೇ ಉಳಿಸಿಕೊಂಡರು. ಅಡಾಪ್ಟರ್ ಸೇರಿ 300 ಗ್ರಾಂ ದಾಟುತ್ತದೆ, ಉದ್ದವೂ ಹೌದು. ಆದರೆ ಅವರ ಕೆಲಸ ಮುಖಗಳದು. ಸೀಮಂತದ ಬಸುರಿಯರ ಮುಖ, ಹಿರಿಯರ ಆಶೀರ್ವಾದ. ‘ಅಗಲ ಆಯ್ತು’ ಎಂಬ ಅವರ ಮೊದಲ ದಿನದ ಮಾತು ಅವರ ಕೆಲಸದ ಮಟ್ಟಿಗೆ ಕೊನೆಯವರೆಗೂ ಸರಿಯೇ ಆಗಿತ್ತು. 2023ರಲ್ಲೇ ಝಡ್ ಮೌಂಟ್‌ಗೆ ಬಂದ ಸಿಗ್ಮಾದ 30 ಮಿ.ಮೀ. ಎಫ್/1.4 ಅವರಿಗೆ ಇನ್ನೂ ಹೊಂದಬಹುದು. ತೂಕ 24ರ ಎರಡು ಪಟ್ಟು, ವಿಆರ್ ಅದರಲ್ಲೂ ಇಲ್ಲ.

ಝಡ್ 30 ಕಿಟ್‌ಗೇ ಮರಳಿತು. ನಡೆಯುತ್ತ ತೆಗೆಯುವ ವಿಡಿಯೋಗೆ ವಿಆರ್ ಇಲ್ಲದ ಲೆನ್ಸ್ ಒಗ್ಗುವುದಿಲ್ಲ. ಕ್ಯಾಮೆರಾದೊಳಗಿನ ಎಲೆಕ್ಟ್ರಾನಿಕ್ ವಿಆರ್ ಹಾಕಿದರೆ ಫ್ರೇಮ್‌ನ ಅಂಚು ಕತ್ತರಿಸಿಹೋಗಿ 24ರ ಅಗಲವೇ ಉಳಿಯುವುದಿಲ್ಲ. ಮೊದಲ ದಿನ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನ ಬಾಡಿಗೇ ಅದು ಎಲ್ಲಕ್ಕಿಂತ ಕಡಿಮೆ ಹೊಂದಿದ್ದು. ಕೊಳ್ಳುವವರು ಲೆನ್ಸ್‌ನ ವಿವರಪಟ್ಟಿಯ ಜೊತೆ ತಮ್ಮ ಬಾಡಿಯಲ್ಲಿ ವ್ಯೂಫೈಂಡರ್ ಇದೆಯೇ, ಸೆನ್ಸರ್ ಸ್ಥಿರತೆ ಇದೆಯೇ ಎಂದು ನೋಡಲೇಬೇಕು. ಇದೇ ಲೆನ್ಸ್ ಬಗ್ಗೆ ಒಬ್ಬರು ಹೊಗಳಿ ಇನ್ನೊಬ್ಬರು ಬೈದಿದ್ದರೆ, ಇಬ್ಬರೂ ನಿಜ ಹೇಳುತ್ತಿರಬಹುದು, ಬಾಡಿ ಮಾತ್ರ ಬೇರೆ. ಕೊಳ್ಳುವ ಮುನ್ನ ತಮ್ಮದೇ ಹಿಂದಿನ ನೂರಿನ್ನೂರು ಚಿತ್ರಗಳ ಫೋಕಲ್ ಲೆಂತ್ ತೆಗೆದು ನೋಡುವುದೂ ಒಳ್ಳೆಯದು. 16ರಲ್ಲೋ 50ರಲ್ಲೋ ಗುಂಪು ಕಟ್ಟಿದ್ದರೆ 24 ಅವರ ಲೆನ್ಸ್ ಅಲ್ಲ.

ಉಳಿದ ಹಣದಲ್ಲಿ ಒಂದು ಮಾನೋಪಾಡ್ ಬಂತು. ಅದರ ಜೊತೆಗೆ ನಾಲ್ಕು ಎಲ್‌ಇಡಿ ಬಲ್ಬ್, ಮನೆಗಳಲ್ಲಿರುವ ಪಿನ್ ಹೋಲ್ಡರ್‌ಗೆ ಹಾಕುವಂಥವು. ಅಂಗಡಿಯಲ್ಲೇ ಮೊಬೈಲ್ ಕ್ಯಾಮೆರಾವನ್ನು ಪ್ರೋ ಮೋಡ್‌ಗೆ ಹಾಕಿ, ಶಟರ್ 1/1000ಕ್ಕೆ ಇಟ್ಟು, ಉರಿಯುವ ಬಲ್ಬ್‌ಗೆ ಹಿಡಿದು, ಪಟ್ಟಿ ಕಾಣದ್ದನ್ನು ಆರಿಸಿದ್ದು. ಪೂಜೆಗೆ ಮುಂಚೆ ಮನೆಯವರನ್ನು ಕೇಳಿ ನಡುಮನೆಯ ಬಲ್ಬ್ ಬಿಚ್ಚಿ ಇವನ್ನು ಹಾಕುತ್ತಾರೆ. ಊಟ ಮುಗಿದ ಮೇಲೆ ಮನೆಯ ಬಲ್ಬ್ ವಾಪಸ್ ಹಾಕಿ, ತಮ್ಮದನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಳ್ಳುವುದು ಹುಡುಗನ ಕೆಲಸ.